ತಾರೀಕು ನೋಡಿ ಕೀರ್ತನೆ ಓದುವುದು

ಸತ್ಯವೇದವನ್ನು, ಅಂದರೆ ಬೈಬಲನ್ನು, ಒಂದೇ ವರ್ಷದಲ್ಲಿ ಓದಿ ಮುಗಿಸುತ್ತೇನೆ ಅಂತ ಪ್ರತಿ ಜನವರಿ 1ಕ್ಕೆ ಶುರು ಮಾಡುತ್ತಿದ್ದೆ. ಮೊದಲ ಪುಸ್ತಕ ಆದಿಕಾಂಡ ಓಡುತ್ತಿತ್ತು, ಎರಡನೆಯದು ವಿಮೋಚನಕಾಂಡ ಕುಂಟುತ್ತಿತ್ತು, ಮೂರನೆಯದಾದ ಯಾಜಕಕಾಂಡದ ಬಲಿಗಳ ಹತ್ತಿರ ಬಂದರೆ ನಿದ್ದೆ. ಫೆಬ್ರವರಿಗೆ ಪುಸ್ತಕ ಮತ್ತೆ ಕಪಾಟು ಸೇರುತ್ತಿತ್ತು.

ಸತ್ಯವೇದದಲ್ಲೇ ಹಾಡಿನಂಥ ಪ್ರಾರ್ಥನೆಗಳ ಒಂದು ಪುಸ್ತಕವಿದೆ, ಕೀರ್ತನೆಗಳು. ಅದರ ಲೆಕ್ಕ ಹೇಳಿಕೊಟ್ಟವಳು ಅವ್ವ. ಒಟ್ಟು 150 ಕೀರ್ತನೆ, ತಿಂಗಳಿಗೆ 30 ದಿನ, ದಿನಕ್ಕೆ ಐದು. ಆದರೆ ಸಾಲಾಗಿ ಅಲ್ಲ. ಆವತ್ತಿನ ತಾರೀಕಿನಿಂದ ಶುರು ಮಾಡಿ 30 ಕೂಡಿಸುತ್ತಾ ಹೋಗಬೇಕು. 4ನೇ ತಾರೀಕಾದರೆ 4, 34, 64, 94, 124. ಒಂದು ದಿನ ತಪ್ಪಿದರೂ ಬಾಕಿ ಬೆಳೆಯುವುದಿಲ್ಲ, ಮರುದಿನದ ತಾರೀಕೇ ಜಾಗ ತೋರಿಸುತ್ತದೆ. ನನ್ನಂಥ ಸೋಮಾರಿಗೆ ಇನ್ನೇನು ಬೇಕು? 119 ಮಾತ್ರ ತುಂಬಾ ಉದ್ದ, 176 ವಚನ. ಅದನ್ನು 29ರಿಂದ ತೆಗೆದು 31ಕ್ಕೆ ಇಟ್ಟುಕೊಂಡಿದ್ದೇನೆ. 31 ಇಲ್ಲದ ತಿಂಗಳು ಅದಕ್ಕೆ ರಜೆ.

ಇದು ರೂಢಿಯಾದ ಮೇಲೆ ಕೆಲಸದ ಜಾಗದಲ್ಲಿ ಸಂಬಳ ನಿಂತಿತು. ಮೊದಲು ಮುಂದಿನ ವಾರ ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ನಾಲ್ಕು ತಿಂಗಳು. ಚರ್ಚಿನ ಸಭೆಯಲ್ಲಿ ಎಲ್ಲರೂ "ದೇವರು ನೋಡಿಕೊಳ್ಳುತ್ತಾನೆ ಬ್ರದರ್" ಅನ್ನುತ್ತಿದ್ದರು. ನಾನೂ "ಆಮೆನ್" ಅನ್ನುತ್ತಿದ್ದೆ. ಹೊಟ್ಟೆಯೊಳಗೆ ಉರಿಯುತ್ತಿತ್ತು.

ಹಾಗೇ ಒಂದು 28ನೇ ತಾರೀಕು ಬಂತು. ಬಾಡಿಗೆ ಕೊಡಲು ಇನ್ನು ಮೂರ್ನಾಲ್ಕು ದಿನ. ಆವತ್ತಿನ ಪಾಲು 28, 58, 88, 118, 148. 58ರಲ್ಲಿ, ದೇವರೇ, ದುಷ್ಟರ ಹಲ್ಲು ಮುರಿ ಅನ್ನುವ ಬೇಡಿಕೆ ಇದೆ. ನನಗೆ ಯಾರ ಹಲ್ಲು ಕಣ್ಣಿಗೆ ಬಂತು ಅಂತ ಹೇಳುವುದಿಲ್ಲ. ನಗು ಬಂತು. ಪ್ರಾರ್ಥನೆಯಲ್ಲಿ ಇಷ್ಟು ನಿಜ ಹೇಳಿ ಎಷ್ಟು ದಿನವಾಗಿತ್ತೋ!

88 ನಗಿಸಲಿಲ್ಲ. ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ತಿರುವು ತೆಗೆದುಕೊಳ್ಳುತ್ತವೆ. 13ರಲ್ಲಿ ಮೊದಲ ಎರಡು ವಚನದಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೇಳಿದವನು ಕೊನೆಗೆ ಹಾಡುತ್ತಾನೆ. 88ರಲ್ಲಿ ಹಾಗಿಲ್ಲ. ಗೆಳೆಯರು ದೂರವಾದರು, ಕತ್ತಲೆ, ಅಷ್ಟೇ. ಇನ್ನೇನಾದರೂ ಇದೆಯಾ ಅಂತ ಹಾಳೆ ಮಗುಚಿದೆ. 89 ಶುರುವಾಗಿತ್ತು.

ಮತ್ತೆ ಮೇಲಿನಿಂದ ಓದಿದೆ. ಮೊದಲ ವಚನದಲ್ಲೇ ಆ ಮನುಷ್ಯ ದೇವರನ್ನು ಕರೆಯುವುದು ತನ್ನ ರಕ್ಷಕ ಅಂತ. ಉತ್ತರ ಸಿಕ್ಕಿಲ್ಲ, ಆದರೂ ಜಗಳವೆಲ್ಲ ಆತನ ಜೊತೆಗೇ. ಗೊಣಗದೆ ಆಮೆನ್ ಅನ್ನುವುದೇ ನಂಬಿಕೆ ಅಂದುಕೊಂಡಿದ್ದವನು ನಾನು. ಆವತ್ತು ಕೋಣೆಯ ಬಾಗಿಲು ಹಾಕಿಕೊಂಡು ಗಟ್ಟಿಯಾಗಿಯೇ ಗೊಣಗಿದೆ. ಬಾಡಿಗೆ, ಮಗಳ ಫೀಸು, ಎತ್ತದ ಫೋನು, ಎಲ್ಲಾ.

ಆಮೇಲೆ 118. ಆತನ ಕೃಪೆ ಶಾಶ್ವತ ಅನ್ನುವ ಮಾತು ಶುರುವಿನಲ್ಲೇ ನಾಲ್ಕು ಸಲ ಬರುತ್ತದೆ. ಮೂರನೆಯದಕ್ಕೆ ಗಂಟಲು ಕಟ್ಟಿತು. ನಾಲ್ಕನೆಯದನ್ನು ಸುಮ್ನೆ ತುಟಿಯಲ್ಲೇ ಹೇಳಿದೆ.

ಕೊನೆಗೆ ಎರಡು ತಿಂಗಳ ಸಂಬಳ ಬಂತು, ಇನ್ನೆರಡು ಮುಳುಗಿತು. ಈಗ ಬೇರೆ ಕಡೆ ಕೆಲಸ. ಇವತ್ತು 17. ಪಟ್ಟಿಯ ಕೊನೆಯಲ್ಲಿ 137, ಊರು ಬಿಟ್ಟು ಸೆರೆಯಾಗಿ ಹೋಗಿ ಬಾಬೆಲಿನ ನದಿಗಳ ಹತ್ತಿರ ಕೂತು ಅತ್ತವರ ಕೀರ್ತನೆ. ಒಲೆಯ ಮೇಲೆ ಚಹಾ ಇಟ್ಟಿದ್ದೇನೆ. ಅದು ಕುದಿಯುವಷ್ಟರಲ್ಲಿ ಮೊದಲನೆಯದು ಮುಗಿಯುತ್ತದೆ.