ನಲವತ್ತು ದಾಟಿದ ಮೇಲೆ ಎಲ್‌ಎಲ್‌ಬಿ: ಫೀಸು ಹೊಂದಿಸಿದ್ದು ಹೀಗೆ

ಬಿಕಾಂ ಮುಗಿಸಿ ಇಪ್ಪತ್ತು ವರ್ಷದ ಹತ್ತಿರ ಆದ ಮೇಲೆ, 2022ರಲ್ಲಿ ಶಿವಮೊಗ್ಗದಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಸೇರಿದೆ. ತೋಟ ಅಡ ಇಡದೆ, ಬಂಗಾರ ಮುಟ್ಟದೆ ಮುಗಿಸಿದೆ. ಆಗುವುದಿಲ್ಲ ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ವಿದ್ಯಾರ್ಥಿವೇತನದ ಆಸೆ ಬೇಗ ಬಿಟ್ಟೆ. ಒಂದು ಟ್ರಸ್ಟಿನವರು 30 ದಾಟಿದವರಿಗೆ ಕೊಡುವುದಿಲ್ಲ ಅಂದರು. ಇನ್ನೊಂದು ಕಡೆ ಒಂದು ಡಿಗ್ರಿ ಆಗಿದೆಯಲ್ಲ ಅಂದರು.

ಅಡಿಕೆ ಬೆಳೆಯುವ ನಮಗೆ ಕಷ್ಟ ಆಗುವುದು ಮಳೆಗಾಲದಲ್ಲಿ. ಕಾಲೇಜಿನವರು ಫೀಸು ಕೇಳುವುದು ಆಗಲೇ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದೂ ಆಗಲೇ. ಅದಕ್ಕೆ ಬೇಕಾದ ಮೈಲುತುತ್ತಕ್ಕೆ, ಮರ ಹತ್ತುವ ಕೊನೆಗಾರರ ಕೂಲಿಗೆ ಇದ್ದದ್ದೆಲ್ಲ ಹೋಗುತ್ತದೆ. ಅಡಿಕೆ ದುಡ್ಡು ಕೈಗೆ ಬರಲು ದೀಪಾವಳಿ ಕಳೆಯಬೇಕು. ಮೊದಲ ವರ್ಷ 35 ಸಾವಿರದಷ್ಟನ್ನು ಮಹಿಳಾ ಸಂಘದ ಸಾಲದಲ್ಲಿ ಕಟ್ಟಿದೆ. ವಾರದ ಕಂತು ಜೀವ ಹಿಂಡಿತು.

ಎರಡನೇ ವರ್ಷ ಬ್ಯಾಂಕಿಗೆ ಹೋದೆ. ಶಿಕ್ಷಣ ಸಾಲ 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಡ ಅನ್ನುವುದು ನಿಮಗೂ ಗೊತ್ತು. ಆದರೂ ಮೊದಲ ಶಾಖೆಯಲ್ಲಿ "ಮಕ್ಕಳಿಗಾದರೆ ನೋಡೋಣ ಮೇಡಂ, ನಿಮಗ್ಯಾಕೆ ಈಗ ಇನ್ನೊಂದು ಡಿಗ್ರಿ?" ಅಂದರು. ಬೇರೆ ಬ್ಯಾಂಕಿನಲ್ಲಿ ಉಳಿದ ಎರಡು ವರ್ಷಕ್ಕೆ 1 ಲಕ್ಷ ಸಿಕ್ಕಿತು. ತೀರ್ಥಹಳ್ಳಿಯಲ್ಲಿ ನಾನು ಲೆಕ್ಕ ಬರೆಯುವ ಕೆಲಸದ ಆದಾಯ ತೋರಿಸಿದೆ, ನನ್ನ ಗಂಡ ಜೊತೆಗೆ ಸಹಿ ಹಾಕಿದರು. ಹೇಗೆ ತೀರಿಸುತ್ತೇನೆ ಅಂತ ಒಂದು ಪುಟದ ಪತ್ರವನ್ನೂ ಕೊಟ್ಟೆ. ಅದರಲ್ಲಿ ಬರೆದದ್ದು ನನ್ನ ಹತ್ತಿರವೇ ಇರಲಿ, ಕೆಲಸ ಆಗಿದ್ದು ಅದರಿಂದಲೇ.

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದೆ. ಮೊದಲು ತಿಂಗಳಿಗೆ 400, ಆಮೇಲೆ 800 ರೂಪಾಯಿಯ ಆಸುಪಾಸು. ಹಾಗೆ ಕಟ್ಟಿದ್ದಕ್ಕೆ ಬಡ್ಡಿದರದಲ್ಲಿ ಶೇ. 1 ಬಿಟ್ಟರು. ಆದಾಯ ತೆರಿಗೆ ಕಟ್ಟುವವರಾದರೆ ತೆರಿಗೆಯ ಹಳೆಯ ಪದ್ಧತಿಯಲ್ಲಿ ಈ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಸಂಘದ ಸಾಲಕ್ಕೆ ಅದು ಇಲ್ಲ.

ಬಡ್ಡಿಯ ದುಡ್ಡು ಬಂದದ್ದು ಬಸ್ಸಿನಿಂದ. ಹಾಜರಿಗಾಗಿ ದಿನಾ ಶಿವಮೊಗ್ಗಕ್ಕೆ ಹೋಗಲೇಬೇಕು. ನಮ್ಮ ತೀರ್ಥಹಳ್ಳಿ ಕಡೆ ಖಾಸಗಿ ಬಸ್ಸೇ ಜಾಸ್ತಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬಂದರೂ ಖಾಸಗಿ ಬಸ್ಸಿನಲ್ಲಿ ಟಿಕೆಟ್ ತಪ್ಪದು. ಹಾಗಾಗಿ ಸರ್ಕಾರಿ ಬಸ್ಸಿನ ಹೊತ್ತಿಗೇ ಹೊರಟೆ. ತಿಂಗಳಿಗೆ 2 ಸಾವಿರವಾದರೂ ಉಳಿಯಿತು. ನಡುವೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಕಾಲೇಜಿನಲ್ಲಿ ಮಾರಿದೆ. ಲಾಭ ಐದಾರು ಸಾವಿರ, ಓದುವ ಹೊತ್ತು ಪೂರಾ ಹೋಯಿತು. ಮರುವರ್ಷ ಬಿಟ್ಟೆ.

ಹಳೆಯ ಪುಸ್ತಕ ಕೊಳ್ಳುವವರು ನೋಡಿಕೊಳ್ಳಿ. ಸೀನಿಯರ್‌ಗಳಿಂದ ಅರ್ಧ ಬೆಲೆಗೆ ಐಪಿಸಿ, ಸಿಆರ್‌ಪಿಸಿ ತಂದಿದ್ದೆ. 2024ರ ಜುಲೈ 1ಕ್ಕೆ ಅವುಗಳ ಬದಲು ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದವು. ಹೊಸ ಕಾಯ್ದೆಗಳನ್ನು ಸರ್ಕಾರದ ಇಂಡಿಯಾ ಕೋಡ್ ತಾಣದಿಂದ ಪುಕ್ಕಟೆ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ.

ಕೊನೆಯ ವರ್ಷದ ಮಳೆಗಾಲಕ್ಕೆ ಒಂದೆರಡು ಮೂಟೆ ಅಡಿಕೆ ಮಾರದೆ ಇಟ್ಟಿದ್ದೆ. ಬೋರ್ಡೋ ಖರ್ಚು ಅದರಲ್ಲೇ ಹೋಯಿತು, ಸಾಲದ ದುಡ್ಡು ಪೂರ್ತಿ ಫೀಸಿಗೆ ಉಳಿಯಿತು. ವಕೀಲರ ಪರಿಷತ್ತಿನ ನೋಂದಣಿಗೂ ಒಂದಿಷ್ಟು ಸಾವಿರ ಎತ್ತಿಟ್ಟಿದ್ದೆ. ಸಾಮಾನ್ಯ ವರ್ಗದವರಿಂದ ನೋಂದಣಿ ಶುಲ್ಕ 750 ರೂಪಾಯಿಗಿಂತ ಜಾಸ್ತಿ ಕೇಳಬಾರದು ಅಂತ 2024ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಮಿಕ್ಕಿದ್ದನ್ನು ಸಾಲದ ಅಸಲಿಗೆ ಕಟ್ಟಿದೆ.