ಕ್ರಕಚನಿಗೆ ಬಂಡೆಯ ಮುಖ, ಬಯಲಾಟದ ಬಾಯಿ

ಕ್ರಕಚ ಎಂಬ ಖಳನನ್ನಿಟ್ಟುಕೊಂಡು ನಾನೇ ಬರೆದ ಕಾಮಿಕ್ಸ್, ಹಾಕಿಸಿದ್ದು 500 ಪ್ರತಿ. ಈಗ ಅಟ್ಟದ ಮೇಲೆ ಉಳಿದಿರುವುದು ಹತ್ತೋ ಹನ್ನೆರಡೋ, ಅವೂ ಪಿನ್ ಸೊಟ್ಟಗೆ ಬಿದ್ದವು. "ದಾವಣಗೆರೆಯಲ್ಲಿ ಕೂತ್ಕಂಡು ಅನ್ಯಗ್ರಹದ ದಂಡನಾಯಕನ ಕಾಮಿಕ್ಸ್ ಮಾಡ್ತೀಯಾ? ಅದೂ ಕನ್ನಡದಲ್ಲಿ? ಅದೂ ಕಪ್ಪು ಬಿಳುಪು?" ಎಂದು ನಕ್ಕವರೇ ಈಗ ಎರಡನೇ ಸಂಚಿಕೆ ಯಾವಾಗ ಎನ್ನುತ್ತಿದ್ದಾರೆ. ಹೇಗೆ ಮಾಡಿದೆ ಎಂದು ನಮ್ಮಂತೆ ಚಿತ್ರ ಬರೆಯುವವರಿಗಾಗಿ ಬರೆದಿಡುತ್ತಿದ್ದೇನೆ. ಪ್ಯಾನೆಲ್ ಹಾಕುವುದು, ಇಂಕ್ ಮಾಡುವುದು, ಸ್ಕ್ಯಾನ್ ಮಾಡಿ ಗೆರೆ ಚೊಕ್ಕ ಮಾಡುವುದು ನಿಮಗೆ ಗೊತ್ತೇ ಇದೆ, ಅದನ್ನೆಲ್ಲ ಬಿಡುತ್ತೇನೆ.

ನನ್ನದು ಹಗಲು ಫ್ಲೆಕ್ಸ್ ಡಿಸೈನ್ ಕೆಲಸ. ಅದಕ್ಕೂ ಮೊದಲು ಅಂಗಡಿ ಬೋರ್ಡ್ ಬರೆಯುತ್ತಿದ್ದೆ. ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಮುಖಂಡರ ಬೆನ್ನಿಗೆ ಸಿಂಹ, ಮಿಂಚು, ಬೆಂಕಿ ಇಟ್ಟು ಇಟ್ಟು ಕೈಗೆ ಅದೇ ರೂಢಿ. ಹಾಗಾಗಿ ನನ್ನ ಮೊದಮೊದಲ ಕ್ರಕಚನಿಗೆ ಕೊಂಬಿತ್ತು, ಭುಜದ ಮೇಲೆ ಮುಳ್ಳಿತ್ತು, ಸೊಂಟಕ್ಕೆ ತಲೆಬುರುಡೆ ಇತ್ತು, ಒಂದು ಆವೃತ್ತಿಯಲ್ಲಂತೂ ಆರು ಕೈ. ಪ್ರತಿ ಪ್ಯಾನೆಲ್ಲಿನಲ್ಲೂ ಬಾಯಿ ತೆರೆದು ಅರಚುತ್ತಿದ್ದ. ಒಂದು ಪುಟಕ್ಕೆ ಎರಡು ರಾತ್ರಿ ಹಿಡಿಯುತ್ತಿತ್ತು, ನೋಡಿದವರು ಮಾತ್ರ "ಚೆನ್ನಾಗಿದೆ ಬಿಡಣ್ಣ" ಎಂದು ಪಕ್ಕಕ್ಕಿಡುತ್ತಿದ್ದರು. ಒಬ್ಬರೂ ಹೆದರಲಿಲ್ಲ.

ಆಮೇಲೆ ಹಳೆಯ ಖಳರನ್ನು ಮತ್ತೆ ತೆಗೆದು ಕೂತೆ. 1970ರಲ್ಲಿ ಅಮೆರಿಕದ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ತಂದ ಡಾರ್ಕ್‌ಸೈಡ್ ಇದ್ದಾನಲ್ಲ, ಒಂದು ಇಡೀ ಗ್ರಹಕ್ಕೆ ಒಡೆಯ, ನೆಲದಲ್ಲೆಲ್ಲ ಬೆಂಕಿ ಕುಂಡ. ಅವನು ಎದ್ದು ಕಾಣುವುದು ಕೈಯನ್ನು ಬೆನ್ನ ಹಿಂದೆ ಕಟ್ಟಿ ಸುಮ್ಮನೆ ನಿಂತಾಗ. ಹೊಡೆದಾಟ ಕೈಕೆಳಗಿನವರ ಕೆಲಸ. ಅಂಥದೇ ಇನ್ನೊಬ್ಬ ಖಳ ಥಾನೋಸ್ ಬಂದದ್ದು 1973ರಲ್ಲಿ. ಅವನನ್ನು ಹುಟ್ಟಿಸಿದ ಜಿಮ್ ಸ್ಟಾರ್ಲಿನ್ ಮೊದಲು ಅವನನ್ನು ಸಣಕಲನಾಗಿ, ಕರ್ಬಿಯದೇ ಬೇರೊಂದು ಪಾತ್ರದ ಛಾಯೆಯಲ್ಲಿ ಬರೆದಿದ್ದರಂತೆ. ಎತ್ತುವುದಾದರೆ ಡಾರ್ಕ್‌ಸೈಡ್‌ನನ್ನೇ ಎತ್ತು ಎಂದು ಸಂಪಾದಕರು ಹೇಳಿದ ಮೇಲೆ ಮೈ ತುಂಬಿಕೊಂಡಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡವರೇ ಎತ್ತಿದ ಮೇಲೆ ನನಗೇನು ಸಂಕೋಚ? ನಿಂತ ಭಂಗಿ ಎತ್ತಿದೆ. ಕೊಂಬು, ಮುಳ್ಳು, ಬುರುಡೆ ಎಲ್ಲ ಕಿತ್ತೆಸೆದೆ. ಉಳಿದದ್ದು ಒಂದು ಬೋಳು ತಲೆ, ಒಂದು ಉದ್ದ ಕಂಬಳಿಯಂಥ ಹೊದಿಕೆ, ಮುಚ್ಚಿದ ಬಾಯಿ.

ಸಮಸ್ಯೆ ಎಂದರೆ ಇಷ್ಟು ಬೋಳಾದವನ ಮುಖ ನಿಲ್ಲಬೇಕು. ನನ್ನ ಗೆರೆಯಲ್ಲಿ ಅದು ಮೊಟ್ಟೆಯಂತೆ ಕಾಣುತ್ತಿತ್ತು. ಗಣಪತಿ ಮಾಡುವವರ ಹತ್ತಿರ ಒಂದು ಹಿಡಿ ಜೇಡಿಮಣ್ಣು ತಂದು ತಲೆ ಮಾಡಿ, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೆರಳು ನೋಡಿ ಬರೆದೆ. ಟಾರ್ಚ್ ಕೆಳಗಿನಿಂದ ಹಿಡಿದರೆ ಭೂತ, ಮೇಲಿನಿಂದ ಹಿಡಿದರೆ ಸ್ವಾಮಿಗಳು. ಎಡ ಕಿವಿಯ ಮಟ್ಟದಲ್ಲಿ, ಸ್ವಲ್ಪ ಹಿಂದೆ ಹಿಡಿದಾಗ ಬಂತು ನೋಡಿ ದಂಡನಾಯಕ. ಆ ಮಣ್ಣಿನ ತಲೆ ಬಿರುಕು ಬಿಟ್ಟು ಹೋಯಿತು, ಬಿರುಕೂ ಬಳಕೆಗೆ ಬಂತು.

ಚರ್ಮದ ಕಥೆ ಬೇರೆ. ಡಾರ್ಕ್‌ಸೈಡ್‌ನ ಮುಖ ಬೂದು ಕಲ್ಲಿನದು. ಕಲ್ಲು ಬೇಕೆಂದರೆ ಚಿತ್ರದುರ್ಗದವರು ನಾವು ಅಮೆರಿಕದ ಕಡೆ ನೋಡಬೇಕೇ? (ನನ್ನ ತಾಯಿಯ ತವರು ದುರ್ಗ. ಅಷ್ಟು ಹಕ್ಕು ಇದೆ.) ಕೋಟೆಯೊಳಗಿನ ಕಲ್ಲು ಮುಟ್ಟಬೇಡಿ, ಅದು ಪುರಾತತ್ವ ಇಲಾಖೆಯದು. ಊರ ಹೊರಗೆ ಬಂಡೆಗೇನು ಬರವಿಲ್ಲ. ನ್ಯೂಸ್‌ಪ್ರಿಂಟ್ ಕಾಗದ ಬಂಡೆಗೆ ಒತ್ತಿ ಹಿಡಿದು, ಕಪ್ಪು ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿದೆ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರು ಅದು, ಕಾಗದ ನಿಲ್ಲಬೇಕಲ್ಲ! ಭಾವಮೈದ ಎರಡೂ ಕೈಯಲ್ಲಿ ಹಿಡಿದ, ನಾನು ಉಜ್ಜಿದೆ, ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು "ಏನ್ ಸರ್ವೇನಪ್ಪ?" ಅಂದ. ಮಳೆ ಬಿಸಿಲಿಗೆ ಸಿಪ್ಪೆ ಎದ್ದ ಬಂಡೆ ಒಳ್ಳೆಯದು, ಹೊಸದಾಗಿ ಒಡೆದ ಕಲ್ಲು ಬರೀ ಉಪ್ಪು ಚೆಲ್ಲಿದಂತೆ ಬರುತ್ತದೆ. ಉಜ್ಜಿದ್ದನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಬೂದು ಛಾಯೆಯ ಗ್ರೇಸ್ಕೇಲ್ ಬೇಡವೇ ಬೇಡ, ನೇರ ಬರೀ ಕಪ್ಪು ಬಿಳಿಯ ಬಿಟ್‌ಮ್ಯಾಪ್ ಮಾಡಿ ಕೆನ್ನೆಗೆ, ಹಣೆಗೆ ಕೂರಿಸಿದೆ. ಬೆಳಕಿನ ಕಡೆ ಎಷ್ಟು ಅಳಿಸಬೇಕು ಎನ್ನುವುದಕ್ಕೆ ನನ್ನದೊಂದು ಲೆಕ್ಕವಿದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಇನ್ನು ದುಡ್ಡು. ಕ್ರೌನ್ ಕಾಲು ಸೈಜು, 32 ಪುಟ, ಅಂದರೆ ಅಚ್ಚಿನ ಲೆಕ್ಕದಲ್ಲಿ ಎಂಟೆಂಟು ಪುಟದ ನಾಲ್ಕು ಫಾರಂ. ಒಳಗೂ ನಾಲ್ಕು ಬಣ್ಣ ಎಂದರೆ 500 ಪ್ರತಿಗೆ ಪ್ರೆಸ್ಸಿನ ಯಜಮಾನರು ಹೇಳಿದ್ದು 60 ಸಾವಿರದ ಹತ್ತಿರ. ಒಳಗೆ ಬರೀ ಕಪ್ಪು, 80 ಜಿಎಸ್‌ಎಂ ಮ್ಯಾಪ್ಲಿಥೊ ಎಂಬ ಸಾದಾ ಕಾಗದ, ರಕ್ಷಾಪುಟ ಮಾತ್ರ ಬಣ್ಣದ ಆರ್ಟ್ ಕಾರ್ಡ್ ಎಂದರೆ 24 ಸಾವಿರಕ್ಕೆ ಇಳಿಯಿತು. ಯಜಮಾನರು "ಬಣ್ಣ ಇಲ್ದಿದ್ರೆ ಮಕ್ಕಳು ಮುಟ್ಟಲ್ಲ ಸಾರ್, ಹಾಳ್ಮಾಡ್ಕಬೇಡಿ" ಎಂದು ಬುದ್ಧಿ ಹೇಳಿದರು. ಬಣ್ಣ ಹಾಕಿಸಿ ಮನೆಯಾಕೆಯ ಬಳೆ ಅಡ ಇಡುವುದಕ್ಕಿಂತ ಇದೇ ವಾಸಿ ಎಂದೆ.

ಕಪ್ಪೊಂದರಲ್ಲೇ ಆಕಾಶ ಉರಿಯಬೇಕೆಂದರೆ ಕರ್ಬಿ ಚುಕ್ಕಿಯೇ ಗತಿ. 1960ರ ದಶಕದಲ್ಲೇ ಆ ಮನುಷ್ಯ ಗುಂಡನೆಯ ಕಪ್ಪು ಚುಕ್ಕಿಗಳನ್ನು ಗುಂಪು ಕಟ್ಟಿಸಿ, ನಡುವಿನ ಬಿಳಿಯನ್ನೇ ಶಕ್ತಿ ಮಾಡಿ ತೋರಿಸಿದ. ಬರೆಯುವುದು ಸುಲಭ, ಅಚ್ಚಿನಲ್ಲಿ ಉಳಿಸಿಕೊಳ್ಳುವುದು ಕಷ್ಟ. ನಾನು ಮೂಲವನ್ನು ಒಂದೂವರೆಪಟ್ಟು ದೊಡ್ಡದಾಗಿ ಬರೆಯುತ್ತೇನೆ. ಕಿರಿದು ಮಾಡಿದಾಗ ಚುಕ್ಕಿ ನಡುವಿನ ಬಿಳಿಯೂ ಕಿರಿದಾಗುತ್ತದೆ. ಮ್ಯಾಪ್ಲಿಥೊ ಇಂಕು ಕುಡಿಯುವ ಕಾಗದ, ಮೇಲಾಗಿ ಮಷಿನ್ನು ಹಳೆಯದು. ಮೊದಲ ಪ್ರೂಫಿನಲ್ಲಿ ಕ್ರಕಚನ ಆಕಾಶನೌಕೆಗಳ ಪಡೆ ಇಳಿಯುವ ಪುಟ ಪೂರ್ತಿ ಟಾರು ಬಳಿದ ರಸ್ತೆ. ಅಚ್ಚಿನ ಅಳತೆಯಲ್ಲಿ ಸುಮಾರು ಅರ್ಧ ಮಿಲಿಮೀಟರ್ ಬಿಳಿ ಉಳಿಯುವಂತೆ ಬರೆದರೆ ಬದುಕುತ್ತದೆ, ಅದಕ್ಕಿಂತ ಕಡಿಮೆಯದು ಮುಚ್ಚಿಹೋಗುತ್ತದೆ. ಇದಾದ ಮೇಲೆ ಡಿಟಿಪಿ ಹುಡುಗ ಪುಟಗಳನ್ನು ವಾಟ್ಸ್‌ಆಪ್‌ನಲ್ಲಿ ತರಿಸಿಕೊಂಡು ಅದೇ ಕುಗ್ಗಿದ ಜೆಪಿಜಿ ಚಿತ್ರದಿಂದ ಅಚ್ಚಿನ ಪ್ಲೇಟ್ ಮಾಡಿಸಿಬಿಟ್ಟ. ಗೆರೆಯೆಲ್ಲ ಮಸುಕು ಮಸುಕು. ಆ ಪ್ಲೇಟುಗಳ ದುಡ್ಡು, ಸುಮಾರು 2 ಸಾವಿರ, ಯಾರು ಕೊಡಬೇಕು ಎಂದು ಅರ್ಧ ದಿನ ವಾದ. ಕೊನೆಗೆ ಅರ್ಧರ್ಧ. ಪೆನ್‌ಡ್ರೈವ್ ಕೈಯಲ್ಲಿ ಕೊಟ್ಟು, ಪ್ಲೇಟ್ ಬರುವ ತನಕ ಅಲ್ಲೇ ಮಂಡಕ್ಕಿ ತಿನ್ನುತ್ತ ಕೂತಿದ್ದು ಅವತ್ತಿನಿಂದ.

ಈಗ ಎಲ್ಲರೂ ಬೇಡ ಎಂದಿದ್ದ ಭಾಗಕ್ಕೆ ಬರುತ್ತೇನೆ: ಮಾತು. ಮೊದಲ ಕರಡಿನಲ್ಲಿ ಕ್ರಕಚ "ಭೂಮಿಯ ಹುಳುಗಳೇ, ಶರಣಾಗಿ!" ಎನ್ನುತ್ತಿದ್ದ. ಡಬ್ಬಿಂಗ್ ಸಿನಿಮಾ ಭಾಷೆ. ಓದಿಸಿದರೆ ಓಣಿಯ ಹುಡುಗರು ಬಿದ್ದು ಬಿದ್ದು ನಕ್ಕರು. ಹೊಳಲ್ಕೆರೆ ಕಡೆ ನೆಂಟರ ಊರಿನಲ್ಲಿ ಬಯಲಾಟ ನೋಡುವಾಗ ದಾರಿ ಹೊಳೆಯಿತು. ರಾಕ್ಷಸ ರಾಜ ರಂಗಕ್ಕೆ ಬಂದವನೇ ತನ್ನ ಪರಿಚಯ ಒದರುವುದಿಲ್ಲ. ಕುಣಿದು ನಿಲ್ಲುತ್ತಾನೆ. ಸಾರಥಿ ಬಂದು ತಾವು ಧಾರು (ಯಾರು), ತಮ್ಮ ಸ್ಥಳ ನಾಮಾಂಕಿತವೇನು ಎಂದು ಕೇಳಬೇಕು. ಆಮೇಲೆ ಅವನ ಊರು, ಪರಾಕ್ರಮ, ಗರ್ವ ಎಲ್ಲ ಬಿಚ್ಚುತ್ತದೆ. ನಮ್ಮವರ ಕಿವಿಗೆ ದೊಡ್ಡ ಖಳ ಎಂದರೆ ಹೀಗೇ.

ಕ್ರಕಚನಿಗೂ ಒಬ್ಬ ಸಾರಥಿ ಬೇಕಲ್ಲ. ನೌಕೆ ಇಳಿಯುವುದು ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನಲ್ಲಿ. ಯಾಕೆ ಅಲ್ಲಿ ಎಂದು ಯಾರೂ ಕೇಳಲಿಲ್ಲ. ಡಿಆರ್‌ಡಿಒ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಯ ಪರೀಕ್ಷಾ ವಲಯ ಇರುವ ಜಾಗ, 2023ರಲ್ಲಿ ಇಸ್ರೋದ ರೆಕ್ಕೆ ಇರುವ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ಇಳಿಸಿದ್ದೂ ಅಲ್ಲೇ. ಅಲ್ಲಿ ಕುರಿ ಕಾಯುವ ಹುಡುಗನೊಬ್ಬ ಎದುರಾಗುತ್ತಾನೆ. "ಯಾರಪ್ಪಾ ನೀನು? ಯಾವೂರು?" ಎನ್ನುತ್ತಾನೆ. ಅಷ್ಟೇ ಸಾಕಾಯಿತು. "ಎಲೈ ಬಾಲಕನೇ, ನಾವು ಧಾರೆಂದು ಕೇಳುವೆಯಾ? ಏಳು ಸೂರ್ಯರಾಚೆ ಲೋಹಪಟ್ಟಣವನ್ನಾಳುವ, ಹದಿಮೂರು ಲೋಕಗಳ ಕಪ್ಪ ತಿಂದ ಕ್ರಕಚ ಭೂಪನೆಂದು ತಿಳಿಯುವಂಥವನಾಗು" ಎಂದು ಒಂದು ಇಡೀ ಪುಟ. ಹುಡುಗ ಎಲ್ಲ ಕೇಳಿ, "ಕುರಿ ಬೆದರ್ತವೆ, ವಸಿ ಆಕಡೆ ನಿಂತ್ಕಳಪ್ಪ" ಎನ್ನುತ್ತಾನೆ.

ನಮ್ಮ ಗುಂಪಿನ ಹಿರಿಯ ಕಲಾವಿದರೊಬ್ಬರು ಇಲ್ಲೇ ಪುಟ ಮಡಚಿದರು. "ಖಳನನ್ನ ಜೋಕರ್ ಮಾಡಿದೀಯ, ಇನ್ನು ಹೆದರಿಕೆ ಎಲ್ಲಿಂದ ತರ್ತೀಯ?" ಎಂದರು. ಮುಂದಿನ ಪ್ಯಾನೆಲ್ ನೋಡಿ ಸಾರ್ ಎಂದೆ. ಹದಿಮೂರು ಲೋಕ ಗೆದ್ದವನು ಏನೂ ಮಾತಾಡದೆ ಎರಡು ಹೆಜ್ಜೆ ಆಚೆ ಸರಿದು ನಿಲ್ಲುತ್ತಾನೆ. ಬಂಡೆಯಂಥ ಕಾಲು, ಸಂದಿಯಲ್ಲಿ ಕುರಿಗಳು ಸಾಲಾಗಿ ಹಾಯುತ್ತವೆ, ಮಾತಿಲ್ಲ. ಆಮೇಲೆ ಬಗ್ಗಿ ಕೇಳುತ್ತಾನೆ: "ನಿಮಗೇನು ಬೇಕು?" ಪುಸ್ತಕ ಕೊಂಡವರಲ್ಲಿ ಮುಕ್ಕಾಲು ಜನ ನನಗೆ ಹೇಳಿದ್ದು ಈ ಪುಟದ ಬಗ್ಗೆಯೇ. ಒಬ್ಬ ಮೇಷ್ಟ್ರು ಅದನ್ನು ಓದಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ಎಂದರು. ಹಿರಿಯರು ಆಮೇಲೆ ಎರಡು ಪ್ರತಿ ಕೊಂಡರು, ರಿಯಾಯಿತಿ ಕೇಳಲಿಲ್ಲ.

ಹೀಗೆ ಬೇಕಾದ್ದನ್ನು ಕೊಟ್ಟು ಗೆಲ್ಲುವ ಉಪಾಯಕ್ಕೆ ಸೂಪರ್‌ಮ್ಯಾನ್ ಕಾಮಿಕ್ಸಿನ ಖಳ ಮೊಂಗುಲ್‌ಗೆ ಋಣಿ. 1980ರಲ್ಲಿ ಬಂದ ಹಳದಿ ಮುಖದ ದಂಡನಾಯಕ, ಮುಷ್ಟಿಯೇ ಅವನ ಬಂಡವಾಳ. ಆದರೆ 1985ರ ಒಂದು ಕಥೆಯಲ್ಲಿ ಸೂಪರ್‌ಮ್ಯಾನ್ ಹುಟ್ಟುಹಬ್ಬಕ್ಕೆ ಇವನು ಒಂದು ಗಿಡ ತಂದುಕೊಡುತ್ತಾನೆ. ಅದು ಮೈಗೆ ಅಂಟಿ, ಮನಸ್ಸು ಬಯಸಿದ ಬದುಕನ್ನೇ ಕನಸಾಗಿ ತೋರಿಸಿ ಮಲಗಿಸಿಬಿಡುತ್ತದೆ. ಅಂಥ ಕೊಡುಗೆ ದುರ್ಗದ ಸೀಮೆಯಲ್ಲಿ ಏನಿರಬಹುದು? ಯೋಚಿಸುವ ಪ್ರಮೇಯವೇ ಇಲ್ಲ, ನೀರು. ಪುಟ ತಿರುಗಿಸಿದರೆ ಎರಡು ಪುಟಕ್ಕೂ ಹರಡಿ ಮಾರಿಕಣಿವೆ ಕೋಡಿ ಬಿದ್ದಿದೆ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು, 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿಯಲು 2022ರ ತನಕ ಕಾಯಬೇಕಾಯಿತು. ಕ್ರಕಚ ಒಂದೇ ರಾತ್ರಿಗೆ ತುಂಬಿಸುತ್ತಾನೆ. ಹಿರಿಯೂರಿನವರೊಬ್ಬರು ಓದಿ, "ಇವನನ್ನ ಯಾಕ್ರೀ ಓಡಿಸ್ಬೇಕು? ಇರ್ಲಿ ಬಿಡಿ" ಅಂದರು. ನನ್ನ ದಂಡನಾಯಕ ಗೆದ್ದದ್ದು ಆ ಮಾತಿನಲ್ಲಿ. ಬದಲಿಗೆ ಅವನು ಏನು ಕೇಳಿದ ಎನ್ನುವುದು ಪುಸ್ತಕದಲ್ಲೇ ಇದೆ.

ಬಲೂನಿನ ಅಕ್ಷರ ಕೈಯಲ್ಲೇ ಬರೆದೆ. ಕಂಪ್ಯೂಟರ್ ಅಕ್ಷರದಲ್ಲಿ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತಿತ್ತು, ಸಾಲು ಬಿಡಿಸಿದರೆ ಬಲೂನು ಅರ್ಧ ಪ್ಯಾನೆಲ್ ನುಂಗುತ್ತಿತ್ತು. ಬೋರ್ಡ್ ಬರೆಯುವ ಚಪ್ಪಟೆ ಬ್ರಷ್ಷಿನಲ್ಲಿ ಒತ್ತನ್ನು ಪಕ್ಕಕ್ಕೆ ಓರೆ ಮಾಡಿ ಕೂರಿಸಬಹುದು. ಹುಡುಗನದು ಸಣ್ಣ ಪೆನ್ನಿನ ಅಕ್ಷರ, ಕ್ರಕಚನದು ಬ್ರಷ್ಷು. ಅಷ್ಟರಲ್ಲೇ ಯಾರ ದನಿ ಎಂಥದ್ದೆಂದು ಗೊತ್ತಾಗುತ್ತದೆ.

ನಡುವೆ ಒಂದಷ್ಟು ಹುಚ್ಚಾಟಗಳೂ ನಡೆದವು. ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿ ಸಿಡಿಸಿ ನಕ್ಷತ್ರ ಮಾಡಿದ್ದು ಚೆನ್ನಾಗಿ ಬಂತು. ನೌಕೆಗೆ ಹಳೆ ಟಿವಿ ರಿಮೋಟಿನ ಒಳಹಲಗೆಯ ಫೋಟೋ ಹಾಕಿದ್ದು ಹಾಳು. ಕ್ರಕಚನ ಕಣ್ಣು ಕೆಂಪಿರಲಿ ಎಂದು ಆಸೆಯಾಗಿ ಪ್ರೆಸ್ಸಿನಲ್ಲಿ ಕೇಳಿದರೆ, ಒಂದು ಚುಕ್ಕಿಗಾಗಿ ಮಷಿನ್ ತೊಳೆದು ಇನ್ನೊಂದು ಇಂಕು ಹಾಕಬೇಕು, ಮೂರು ಸಾವಿರದ ಮೇಲಾಗುತ್ತದೆ ಎಂದರು. ಪೆನ್ಸಿಲ್ ಹಿಂದಿನ ರಬ್ಬರನ್ನು ಬ್ಲೇಡಿನಿಂದ ಕೆತ್ತಿ ಮುದ್ರೆ ಮಾಡಿ, ಮನೆಮಂದಿಯೆಲ್ಲ ಕೂತು 500 ಪ್ರತಿಗೂ ಒಂದೊಂದು ಪುಟದಲ್ಲಿ ಎರಡೆರಡು ಕಣ್ಣು ಒತ್ತಿದೆವು. ಸ್ಟ್ಯಾಂಪ್ ಪ್ಯಾಡಿನ ಮಾಮೂಲಿ ಇಂಕು ಎದುರು ಪುಟಕ್ಕೆ ಅಂಟುತ್ತದೆ. ಅಂಟದ್ದು ಯಾವುದೆಂದು ಕಂಡುಕೊಂಡಿದ್ದೇನೆ, ಅದೂ ನನ್ನ ಹತ್ತಿರವೇ ಇರಲಿ. ಒಬ್ಬೊಬ್ಬರ ಪ್ರತಿಯಲ್ಲಿ ಒಂದೊಂದು ನೋಟ. ಮಗಳು ಒತ್ತಿದವುಗಳಲ್ಲಿ ಅವನಿಗೆ ಸ್ವಲ್ಪ ಮೆಳ್ಳೆಗಣ್ಣು.

ಬೆಲೆ 80 ರೂಪಾಯಿ ಇಟ್ಟೆ. ಮುನ್ನೂರರಷ್ಟು ಕೈಯಾರೆ ಮಾರಿದೆ. ನಾಯಕನಹಟ್ಟಿ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಪಕ್ಕ ಒಂದು ಟೇಬಲ್ ಹಾಕಿ ಒಂದೇ ದಿನ ನೂರರ ಹತ್ತಿರ ಹೋಯಿತು, ಕೊಂಡವರಲ್ಲಿ ಮಕ್ಕಳಿಗಿಂತ ಬಯಲಾಟದ ರುಚಿ ಇದ್ದ ದೊಡ್ಡವರೇ ಹೆಚ್ಚು. ಉಳಿದದ್ದು ಅಂಗಡಿಗಳಿಗೆ, 35 ಪರ್ಸೆಂಟ್ ಕಮಿಷನ್. ಅದರಲ್ಲಿ ಒಂದು ಅಂಗಡಿಯವರು ನಲವತ್ತು ಪ್ರತಿ ಮಾರಿ, ದುಡ್ಡು ಕೇಳಿದಾಗಲೆಲ್ಲ "ಮುಂದಿನ ವಾರ ಬಾರಪ್ಪ" ಎನ್ನುತ್ತಾರೆ. "ಮಾಡಿದಷ್ಟು ನೀಡು ಭಿಕ್ಷೆ" ಎಂದ ತಿಪ್ಪೇರುದ್ರಸ್ವಾಮಿಯ ಮಾತನ್ನು ಅವರಿಗೆ ಯಾರಾದರೂ ಹೇಳಬೇಕು. ಎಲ್ಲ ಕಳೆದು ಕೈಗೆ ಸಿಕ್ಕಿದ್ದು ಐದು ಸಾವಿರ ಚಿಲ್ಲರೆ. ಒಂದು ವಾರದ ಫ್ಲೆಕ್ಸ್ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಬರುತ್ತದೆ, ಆ ಲೆಕ್ಕ ಮನೆಯಾಕೆ ಆಗಲೇ ಹಾಕಿಯಾಗಿದೆ.

ಎರಡನೆಯದು 40 ಪುಟ, 100 ರೂಪಾಯಿ. ಒಳಗೆ ಕಪ್ಪೇ. ಅಂಗಡಿಗೆ ಸಾಲ ಇಲ್ಲ.