ಸಣ್ಣ ಕೈಗೆ ಎಷ್ಟು ಸಣ್ಣ ಪಿಸ್ತೂಲು? ನನ್ನ ಅನುಭವ

ಇಲ್ಲಿ ಟೆಕ್ಸಾಸ್‌ನಲ್ಲಿ ಗನ್ ಅಂಗಡಿಯ ಕೌಂಟರ್ ಮುಂದೆ ಗಿಡ್ಡನೆಯ ಹೆಂಗಸೊಬ್ಬಳು ನಿಂತರೆ ಸಾಕು, ಗಾಜಿನ ಕೆಳಗಿಂದ ಸಾಮಾನ್ಯವಾಗಿ ಎರಡು ವಸ್ತು ಮೇಲೆ ಬರುತ್ತವೆ. ಒಂದು, ಐದು ಗುಂಡಿನ ಪುಟ್ಟ ರಿವಾಲ್ವರ್. ಇನ್ನೊಂದು, ಅಂಗೈಯಲ್ಲಿ ಮುಚ್ಚಿಹೋಗುವಂಥ, .380 ಅಳತೆಯ ಗುಂಡಿನ ಪಿಸ್ತೂಲು. ಹಗುರ ಇದೆ, ಪರ್ಸಿನಲ್ಲಿ ಹಿಡಿಸುತ್ತದೆ, ನಿಮ್ಮ ಕೈಗೆ ಹೇಳಿ ಮಾಡಿಸಿದ ಹಾಗಿದೆ ಅನ್ನುತ್ತಾರೆ. ಹಿಡಿದು ನೋಡಿದರೆ ಮುದ್ದಾಗಿಯೇ ಇರುತ್ತದೆ. ಹೊಡೆದು ನೋಡಿದ ಮೇಲೆ ಮಾತು ಬೇರೆ.

ನನ್ನ ಬಳೆಯ ಅಳತೆ ಎರಡು-ನಾಲ್ಕು. ದಿನವಿಡೀ ಕೀಬೋರ್ಡ್ ಕುಟ್ಟಿ ಬಲ ಮಣಿಕಟ್ಟಿನಲ್ಲಿ ಹಳೇ ನೋವಿದೆ, ಚಾಳೀಸೂ ಬಂದಿದೆ. ಮನೆಯಲ್ಲಿದ್ದ ನಮ್ಮನೆಯವರ ಗ್ಲಾಕ್ 17, ಅಂದರೆ ಪೂರ್ಣ ಗಾತ್ರದ 9 ಎಂಎಂ ಪಿಸ್ತೂಲು, ನನಗೆ ಒಗ್ಗಲಿಲ್ಲ. ಹಿಡಿಯನ್ನು ಸರಿಯಾಗಿ ಹಿಡಿದರೆ ತೋರುಬೆರಳ ತುದಿಯಷ್ಟೇ ಟ್ರಿಗರ್‌ಗೆ ಮುಟ್ಟುತ್ತದೆ. ಬೆರಳು ಪೂರ್ತಿ ಹಾಕಲು ಹೋದರೆ ಪಿಸ್ತೂಲು ಅಂಗೈಯಲ್ಲಿ ಓರೆಯಾಗಿ, ಅದರ ಒದೆತವೆಲ್ಲ ಹೆಬ್ಬೆರಳ ಬುಡಕ್ಕೆ ಬೀಳುತ್ತದೆ. ಹಾಗಾಗಿ ಅದಕ್ಕಿಂತ ಸಣ್ಣದು ಬೇಕಿತ್ತು. ಎಷ್ಟು ಸಣ್ಣದು ಅನ್ನುವುದಷ್ಟೇ ತಿಳಿಯಬೇಕಿತ್ತು.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತಿಲ್ಲ. ಎಚ್-1ಬಿ, ಎಫ್-1ನಂಥ ವೀಸಾದಲ್ಲಿ ಬಂದವರು ಅಮೆರಿಕದಲ್ಲಿ ಬಂದೂಕು ಕೊಳ್ಳುವುದಿರಲಿ, ಗುರಿ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ಹೊಡೆದರೂ ಫೆಡರಲ್ ಕಾನೂನಿನ ಪ್ರಕಾರ ಅಪರಾಧವಾಗಬಹುದು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಅಂಥ ಒಂದೆರಡು ದಾರಿ ಬಿಟ್ಟರೆ ಇಲ್ಲ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಡೀಲರ್ ಬಳಿ ಕೈಬಂದೂಕು ಕೊಳ್ಳಲು 21 ತುಂಬಿರಬೇಕು, 4473 ಅನ್ನುವ ಫೆಡರಲ್ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಕ್ಯಾಲಿಫೋರ್ನಿಯಾದಲ್ಲಿ 10 ದಿನ ಕಾಯಬೇಕು, ಅಂಗಡಿಯವರು ಹೊಸದಾಗಿ ಮಾರುವ ಮಾಡೆಲ್ ಸರ್ಕಾರದ ಪಟ್ಟಿಯಲ್ಲಿರಬೇಕು. ನಾನು ಕೆಳಗೆ ಹೇಳುವುದೆಲ್ಲ ಅಲ್ಲಿ ಸಿಕ್ಕೇ ಸಿಗುತ್ತದೆ ಅಂತಿಲ್ಲ.

ಮಲೆನಾಡಿನ ತೋಟದ ಮನೆಯವಳಾದ ನನಗೆ ಕೋವಿ ಹೊಸತಲ್ಲ. ಹಂದಿ, ಮಂಗನ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ ಗೋಡೆಯಲ್ಲಿರುತ್ತಿತ್ತು, ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುವುದೊಂದು ಕೆಲಸ. ಆದರೆ ಆ ಅನುಭವ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಕೋವಿಯ ಒದೆತವನ್ನು ಹೆಗಲು ತಡೆಯುತ್ತದೆ, ಪಿಸ್ತೂಲಿನದನ್ನು ಎರಡು ಅಂಗೈ ಮಾತ್ರ ತಡೆಯಬೇಕು.

ಡಲ್ಲಾಸ್ ಸುತ್ತಮುತ್ತ ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜ್‌ಗಳು ಬೇಕಾದಷ್ಟಿವೆ. ಮೊದಲು ಕೈಗೆ ಬಂದದ್ದು ಅದೇ ರಿವಾಲ್ವರ್, ಸ್ಮಿತ್ ಆ್ಯಂಡ್ ವೆಸನ್ 642. ಸುಮಾರು 425 ಗ್ರಾಂ ತೂಕ, ಎರಡು ಇಂಚೂ ಇಲ್ಲದ ನಳಿಗೆ. ಪಿಸ್ತೂಲಿನಂತೆ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗ, ಎಳೆಯುವ ಗೋಜಿಲ್ಲ, ಗುಂಡು ಸಿಕ್ಕಿಕೊಳ್ಳುವ ಭಯ ಕಡಿಮೆ, ಅಷ್ಟು ನಿಜ. ಆದರೆ ಅದರ ಟ್ರಿಗರ್ ಉದ್ದಕ್ಕೂ ಬಿಗಿ. ರಿವಾಲ್ವರಿನ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಲ ಹಾಕಿ ಎಳೆಯುವಷ್ಟರಲ್ಲಿ ನನ್ನ ಕೈ ನಡುಗಿ ಮುಂದಿನ ಗುರಿಕಡ್ಡಿ ಎಲ್ಲೋ ಹೋಗಿರುತ್ತಿತ್ತು. ಕಾಗದದ ಮೇಲಿನ ತೂತುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿದ್ದವು. ನನ್ನ ಅಭಿಪ್ರಾಯ ಕೇಳಿದರೆ, ಆ ಪುಟ್ಟ ರಿವಾಲ್ವರ್ ಪಳಗಿದವರ ಆಯುಧ. ಹೊಸಬರಿಗೆ ಅದನ್ನು ಕೊಡುವುದು ಅನ್ಯಾಯ.

ನಿಜವಾಗಿ ಕಣ್ಣು ತೆರೆಸಿದ್ದು ಒಂದೇ ಜಾತಿಯ ಗುಂಡಿನ ಮೂರು ಪಿಸ್ತೂಲುಗಳು. ಮೂರೂ .380. ಜಾನ್ ಬ್ರೌನಿಂಗ್ 1908ರಲ್ಲಿ ತಂದ ಗುಂಡು ಅದು. 9 ಎಂಎಂಗಿಂತ ಚಿಕ್ಕದು, ಶಕ್ತಿ ಅದರ ಅರ್ಧದ ಆಸುಪಾಸು. ಹಾಗಾದರೆ ಮೂರೂ ಒಂದೇ ಥರ ಒದೆಯಬೇಕಲ್ಲವೇ?

ರೂಗರ್ ಎಲ್‌ಸಿಪಿ 300 ಗ್ರಾಂ ಕೂಡ ಇಲ್ಲ. ಹಿಡಿಯಲ್ಲಿ ಎರಡು ಬೆರಳಿಗಷ್ಟೇ ಜಾಗ, ಕಿರುಬೆರಳು ಗಾಳಿಯಲ್ಲಿ. ಹೊಡೆದಾಗಲೆಲ್ಲ ಅದು ಕೈಯೊಳಗೆ ತಿರುಗುತ್ತದೆ, ಮುಂದಿನ ಗುಂಡಿಗೆ ಮತ್ತೆ ಮೊದಲಿಂದ ಹಿಡಿದುಕೊಳ್ಳಬೇಕು. ಒಂದು ಮ್ಯಾಗಜಿನ್, ಅಂದರೆ ಹಿಡಿಯೊಳಗೆ ಗುಂಡು ತುಂಬಿಡುವ ಡಬ್ಬಿ, ಖಾಲಿಯಾಗುವಷ್ಟರಲ್ಲಿ ತೋರುಬೆರಳು ಚುರುಗುಟ್ಟುತ್ತಿತ್ತು.

ವಾಲ್ಥರ್ ಪಿಪಿಕೆ ಉಕ್ಕಿನದು, ತೂಕವೂ ಇದೆ. ಹಾಗಾಗಿ ಮೆತ್ತಗಿರುತ್ತದೆ ಅಂದುಕೊಳ್ಳುತ್ತೇವೆ, ಆದರೆ ಇರುವುದಿಲ್ಲ. ಅದರಲ್ಲಿ ನಳಿಗೆಯನ್ನೂ ಸ್ಲೈಡನ್ನೂ ಒಂದಕ್ಕೊಂದು ಸಿಕ್ಕಿಸುವ ಕೊಂಡಿ ಇಲ್ಲ. ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಿಗಿ ಎರಡೇ ಗುಂಡಿನ ಹಿಂದಿನ ಒತ್ತಡವನ್ನು ತಡೆಯಬೇಕು. ಅದಕ್ಕೇ ಸ್ಪ್ರಿಂಗ್ ಗಟ್ಟಿ, ಸ್ಲೈಡ್ ಎಳೆಯುವುದೇ ಒಂದು ಸಾಹಸ, ಒದೆತವೂ ಚಾಟಿಯ ಏಟಿನಂತೆ ಚುರುಕು. ಹಿಡಿ ಸ್ವಲ್ಪ ಮೇಲಾದರೆ ಹಿಂದಕ್ಕೆ ಬರುವ ಸ್ಲೈಡ್ ಹೆಬ್ಬೆರಳ ಸಂದಿಯ ಚರ್ಮವನ್ನು ಗೀರುತ್ತದೆ. ಚೆಲುವಾದ ಪಿಸ್ತೂಲು, ಅನುಮಾನವಿಲ್ಲ. ನನಗೆ ಬೇಡ.

ಮೂರನೆಯದು 2018ರಲ್ಲಿ ಬಂದ ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಈಜೆಡ್. ಸುಮಾರು 525 ಗ್ರಾಂ, ಮೂರೂಮುಕ್ಕಾಲು ಇಂಚಿಗೆ ತುಸು ಕಡಿಮೆ ನಳಿಗೆ. ಇದರಲ್ಲಿ ನಳಿಗೆ ಸ್ಲೈಡಿಗೆ ಸಿಕ್ಕಿಕೊಂಡೇ ಸ್ವಲ್ಪ ದೂರ ಹಿಂದೆ ಬಂದು, ಆಮೇಲೆ ಬಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಸ್ಪ್ರಿಂಗ್ ಮೆದುವಾಗಿಡಬಹುದು. ಸ್ಲೈಡ್ ಎಳೆಯಲು ನಾನು ಉಸಿರು ಕಟ್ಟಬೇಕಾಗಲಿಲ್ಲ. ಹಿಡಿ ತೆಳ್ಳಗಿದೆ, ಕಿರುಬೆರಳಿಗೂ ಜಾಗ ಇದೆ. ತೋರುಬೆರಳ ಮೊದಲ ಗೆಣ್ಣು ಟ್ರಿಗರ್ ಮೇಲೆ ನೆಟ್ಟಗೆ ಕೂತಿತು. ಮ್ಯಾಗಜಿನ್ ಪಕ್ಕದ ಗುಂಡಿಯನ್ನು ಕೆಳಕ್ಕೆ ಒತ್ತಿ ಹಿಡಿದರೆ ಗುಂಡುಗಳು ಸಲೀಸಾಗಿ ಒಳಗಿಳಿಯುತ್ತವೆ. ಮಣಿಕಟ್ಟು ನೋವಿರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮೂರಕ್ಕೂ ಒಂದೇ ಪರೀಕ್ಷೆ ಕೊಟ್ಟೆ. ಜೊತೆಗಿದ್ದ ಗೆಳತಿ ನನಗೆ ಕಾಣದಂತೆ ಮ್ಯಾಗಜಿನ್‌ನಲ್ಲಿ ಡಮ್ಮಿ ಗುಂಡೊಂದನ್ನು ಸೇರಿಸುತ್ತಿದ್ದಳು. ಟ್ರಿಗರ್ ಎಳೆದಾಗ ಢಂ ಅನ್ನುವ ಬದಲು ಟಿಕ್ ಅಂದರೆ, ಆ ಕ್ಷಣ ಪಿಸ್ತೂಲಿನ ಮೂತಿ ಏನು ಮಾಡುತ್ತದೆ ಅಂತ ನೋಡಬೇಕು. ಎಲ್‌ಸಿಪಿಯಲ್ಲಿ ಮೂತಿ ಧಡಕ್ಕನೆ ಕೆಳಕ್ಕೆ ಕುಕ್ಕುತ್ತಿತ್ತು. ಒದೆತಕ್ಕೆ ಹೆದರಿ ಕೈ ಮೊದಲೇ ತಳ್ಳುತ್ತಿತ್ತು ಅಂತ ಅರ್ಥ. ಬಲಗೈಯವರ ಗುಂಡುಗಳು ಗುರಿಯ ಎಡಕ್ಕೆ, ಕೆಳಕ್ಕೆ ಬೀಳುವುದು ಬಹಳ ಸಲ ಇದರಿಂದಲೇ. ಈಜೆಡ್‌ನಲ್ಲಿ ಗುರಿಕಡ್ಡಿ ತುಸು ಅಲುಗಿ ನಿಂತಿತು. ನನ್ನ ನಿರ್ಧಾರ ಮುಕ್ಕಾಲು ಪಾಲು ಅಲ್ಲೇ ಆಯಿತು. ನೋಯಿಸದ ಪಿಸ್ತೂಲಿಗೆ ಕೈ ಹೆದರುವುದಿಲ್ಲ, ಹೆದರದ ಕೈ ಗುರಿ ತಪ್ಪುವುದು ಕಡಿಮೆ. ಹಾಯೆನಿಸುವುದು ಬೇರೆ, ನಿಖರತೆ ಬೇರೆ ಅಂತ ಅಂಗಡಿಯಲ್ಲಿ ಮಾತಾಡುವವರು ಈ ಪರೀಕ್ಷೆ ಮಾಡಿ ನೋಡಲಿ.

ಉಳಿದ ಕಾಲು ಪಾಲು ಕಣ್ಣಿನ ವಿಷಯ. ಹಿಂದಿನ ಮತ್ತು ಮುಂದಿನ ಗುರಿಕಡ್ಡಿಗಳ ನಡುವೆ 10 ಸೆಂಟಿಮೀಟರ್ ಅಂತರವಿದ್ದು, ಒಂದು ಮಿಲಿಮೀಟರ್ ಆಚೀಚೆಯಾದರೆ 7 ಮೀಟರ್ ದೂರದಲ್ಲಿ ಗುಂಡು 7 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅಂತರ 15 ಇದ್ದರೆ ಅದೇ ತಪ್ಪಿಗೆ ಐದೂ ಆಗುವುದಿಲ್ಲ. ಮುಂದಿನ ಕಡ್ಡಿಯೇ ಮಂಜಾಗಿ ಕಾಣುವ ನನ್ನ ವಯಸ್ಸಿನವರಿಗೆ ಒಂದು ಮಿಲಿಮೀಟರ್ ಏನೂ ದೊಡ್ಡದಲ್ಲ. ಪುಟ್ಟ ಪಿಸ್ತೂಲು ತಾನಾಗಿ ಗುರಿ ತಪ್ಪುವುದಿಲ್ಲ, ನಮ್ಮ ತಪ್ಪನ್ನು ದೊಡ್ಡದು ಮಾಡುತ್ತದೆ.

9 ಎಂಎಂ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಸಿಗ್ ಪಿ365, ಗ್ಲಾಕ್ 43ಎಕ್ಸ್ ಎರಡನ್ನೂ ಹೊಡೆದೆ. ಎರಡೂ ಒಳ್ಳೆಯವು. 43ಎಕ್ಸ್‌ನ ತೆಳು ಹಿಡಿ ನನ್ನ ಕೈಗೆ ಚೆನ್ನಾಗಿಯೇ ಕೂತಿತು. ಮಣಿಕಟ್ಟು ಗಟ್ಟಿಯಿದ್ದಿದ್ದರೆ ಅದನ್ನೇ ಕೊಳ್ಳುತ್ತಿದ್ದೆ, 9 ಎಂಎಂ ಗುಂಡು .380ಗಿಂತ ಅಗ್ಗ ಬೇರೆ. ನನಗೆ ಮೊದಲ ಮ್ಯಾಗಜಿನ್ ಚೆನ್ನಾಗಿ ಬೀಳುತ್ತಿತ್ತು, ಮೂರನೆಯದರ ಹೊತ್ತಿಗೆ ತೂತುಗಳು ಚೆದುರುತ್ತಿದ್ದವು. ಬಾಡಿಗೆಗೆ ತೆಗೆದುಕೊಂಡವರು ಐದು ಗುಂಡು ಹೊಡೆದು ತೀರ್ಮಾನ ಮಾಡಬೇಡಿ, ಕೈ ದಣಿದ ಮೇಲಿನದನ್ನೂ ನೋಡಿ.

ಈಜೆಡ್‌ನಲ್ಲೂ ಕುಂದಿದೆ. ಹಿಡಿಯ ಹಿಂಬದಿಯಲ್ಲಿ ಒಂದು ಸೇಫ್ಟಿ ಇದ್ದು, ಅಂಗೈ ಅದನ್ನು ಪೂರ್ತಿ ಒತ್ತದಿದ್ದರೆ ಗುಂಡು ಹಾರುವುದಿಲ್ಲ. ಸಡಿಲವಾಗಿ ಹಿಡಿಯುವ ಅಭ್ಯಾಸದವರಿಗೆ ಇದು ಕೈಕೊಡಬಹುದು. ಒಳಗೆ ಹಿಡಿಸುವುದು ಎಂಟು ಗುಂಡು ಮಾತ್ರ. ಜೇಬಿಗಂತೂ ಇದು ದೊಡ್ಡದು. ಹಾಗಂತ ಪರ್ಸಿನಲ್ಲಿಡುವುದನ್ನು ನಾನು ಒಪ್ಪುವುದೇ ಇಲ್ಲ. ಪಾಟ್‌ಲಕ್‌ಗೆ ಹೋದ ಮನೆಯಲ್ಲಿ ನಮ್ಮ ಪರ್ಸುಗಳೆಲ್ಲ ಮಂಚದ ಮೇಲೆ ರಾಶಿ ಬಿದ್ದಿರುತ್ತವೆ, ಮಕ್ಕಳು ಅಲ್ಲೇ ಕುಣಿಯುತ್ತಿರುತ್ತವೆ. ಟೆಕ್ಸಾಸ್‌ನಲ್ಲಿ ತುಂಬಿದ ಬಂದೂಕನ್ನು ಅಜಾಗರೂಕತೆಯಿಂದ ಇಟ್ಟು, ಅದು 17 ತುಂಬದ ಮಗುವಿನ ಕೈಗೆ ಸಿಕ್ಕರೆ ಕೇಸಾಗುತ್ತದೆ, ಕಾನೂನು ಇಲ್ಲದಿದ್ದರೂ ಇಡಬಾರದು. ನನ್ನದು ನೆಲಕ್ಕೆ ಬೋಲ್ಟ್ ಹಾಕಿದ ಪೆಟ್ಟಿಗೆಯಲ್ಲಿರುತ್ತದೆ. ರೇಂಜಿಗೆ ಹೋಗುವ ದಿನ ಬೀಗವಿರುವ ಚೀಲದಲ್ಲಿ ಹೋಗಿ, ಬಂದು, ಒರೆಸಿ ಎಣ್ಣೆ ಹಾಕಿದ ಮೇಲೆ ಮತ್ತೆ ಅದರೊಳಕ್ಕೇ.